ಹೂವಜ್ಜಿಯ ಎರಡು ತಂತಿ

ನಮ್ಮ ಕಡೆ ನಲವತ್ತು ದಾಟಿದ ಹೆಂಗಸು ಹೊಸತೇನಾದರೂ ಕಲಿಯುತ್ತೇನೆ ಎಂದರೆ ಯಾರೂ ಅಡ್ಡ ಬರುವುದಿಲ್ಲ. ಅವಳು ಕಲಿಯಹೊರಟದ್ದು ಅವರಿಗೆಲ್ಲ ಮೊದಲೇ ಗೊತ್ತಿರುವ ವಿಷಯವಾಗಿರಬೇಕು, ಅಷ್ಟೇ. ಹೊಲಿಗೆ ಕಲಿಯಬಹುದು, ಭಜನೆ ಕಲಿಯಬಹುದು, ಮಣಿ ಪೋಣಿಸಿ ಬಾಗಿಲಿಗೆ ತೋರಣ ಮಾಡುವುದನ್ನಂತೂ ಧಾರಾಳವಾಗಿ ಕಲಿಯಬಹುದು. ನಾನು ಕಲಿತದ್ದು ಚೀನಾದ ಎರಡು ತಂತಿಯ ಪಿಟೀಲು. ಇದನ್ನು ಹೇಳಿದ ಕೂಡಲೇ ಎದುರಿಗಿದ್ದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಗಂಡನ ಮುಖ ನೋಡುತ್ತಾರೆ, ಮನೆಯಲ್ಲಿ ಎಲ್ಲ ಸರಿ ಇದೆಯಲ್ಲ ಎಂಬಂತೆ. ಸರಿ ಇದೆ. ನಡುವೆ ಇರಲಿಲ್ಲ, ಈಗ ಇದೆ. ಯಾಕೆ ಕಲಿತೆ ಎಂದು ಕೇಳಿದವರಿಗೆ ನಾನು ಕಲೆಗೆ ಗಡಿಯಿಲ್ಲ ಮುಂತಾಗಿ ಶಾಲೆಯ ಭಾಷಣದಲ್ಲಿ ಹೇಳುವಂಥದ್ದನ್ನೆಲ್ಲ ಹೇಳಿದ್ದೇನೆ. ನಿಜವಾದ ಕಾರಣ ಒಂದೇ, ಬೇಡ ಎಂದರು. ಕಲಿಸಬೇಕಾದವರೇ ಎಲ್ಲರಿಗಿಂತ ಮೊದಲು ಬೇಡ ಎಂದರು. ಆ ಎರಡಕ್ಷರ ಕಿವಿಗೆ ಬಿದ್ದರೆ ಸಾಕು, ನನ್ನೊಳಗೆ ಯಾರೋ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾರೆ. ಅಪ್ಪ ಬೇಡವೆಂದದ್ದಕ್ಕೇ ಸೈಕಲ್ ಕಲಿತೆ. ಹಿಂದಿ ಓದಿ ಎಂತ ಮಾಡುತ್ತಾಳೆ ಎಂದು ಚಿಕ್ಕಪ್ಪ ಕೇಳಿದ್ದಕ್ಕೇ ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಅಕ್ಕೋರಾದೆ. ನನ್ನ ಹೆಸರು ಶಾಂತಾ. ಹೆಸರಿಟ್ಟವರು ಸ್ವಲ್ಪ ಅವಸರ ಮಾಡಿದರು.

ಕೊಂಕಣ ರೈಲು ಓಡತೊಡಗಿದ ಹೊಸತು. ಮಂಕಿಯಿಂದ ಹೊನ್ನಾವರದ ನಮ್ಮ ಮನೆಗೆ ಬಂದು ಇದ್ದುಬಿಟ್ಟಿದ್ದ ನಮ್ಮ ಅತ್ತೆಗೆ ಹಲ್ಲು ಕಟ್ಟಿಸುವ ಯೋಗವೂ ಆಗಲೇ ಕೂಡಿ ಬಂತು. ಕುಮಟೆಯಲ್ಲಿ ಹೂ ಡಾಕ್ಟರು ಎಂದು ಒಬ್ಬರಿದ್ದರು, ಹಲ್ಲು ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಹೆಸರು. ಹೂ ಎನ್ನುವುದು ಅವರ ಮನೆತನದ ಹೆಸರು. ಊರವರು ಅದಕ್ಕೆ ಕನ್ನಡದ ಅರ್ಥವನ್ನೇ ಹಚ್ಚಿಕೊಂಡು, ಡಾಕ್ಟರರ ತಾಯಿಯನ್ನು ಹೂವಜ್ಜಿ ಎಂದು ಕರೆಯುತ್ತಿದ್ದರು. ಅಜ್ಜಿ ಮಲ್ಲಿಗೆ ಮಾರುತ್ತಾರೆಂದು ತಿಳಿದು ಮಾಲೆ ಕೇಳಿಕೊಂಡು ಬಂದವರೂ ಇದ್ದಾರಂತೆ. ಮುಖ ನೋಡಿದರೆ ಈ ಕಡೆಯವರಲ್ಲ ಎಂದು ಗೊತ್ತಾಗುತ್ತಿತ್ತು, ಆದರೆ ನೇಪಾಳದವರು ಎಂದು ಅವರೇ ಹೇಳಿದ್ದರಿಂದ ಯಾರೂ ಹೆಚ್ಚು ಕೆದಕಿರಲಿಲ್ಲ. ಡಾಕ್ಟರರ ಕೊಂಕಣಿ ಕೇಳಿದರೆ ಕುಮಟೆಯ ಪೇಟೆಯಲ್ಲೇ ಹುಟ್ಟಿದವರೆನ್ನಬೇಕು. ಯಕ್ಷಗಾನದ ಹುಚ್ಚು ಬೇರೆ. ರೋಗಿಯ ಬಾಯಿ ತೆರೆಸಿಟ್ಟು ಹಿಂದಿನ ವಾರದ ಆಟದ ಅರ್ಥಗಾರಿಕೆಯ ಬಗ್ಗೆ ಅಭಿಪ್ರಾಯ ಕೇಳುತ್ತಿದ್ದರು. ಬಾಯಿ ತೆರೆದವರು ಒಪ್ಪದೆ ಉಪಾಯವಿರಲಿಲ್ಲ.

ಆ ದಿನ ನಾನು ಮತ್ತು ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಯಾರದೋ ಹಲ್ಲು ಕೊರೆಯುವ ಯಂತ್ರದ ಸದ್ದು. ಆ ಸದ್ದಿನ ಅಡಿಯಲ್ಲಿ ಇನ್ನೊಂದು ಎಳೆ, ಯಾರೋ ತುಟಿ ಮುಚ್ಚಿಕೊಂಡು ಹಾಡುವಂತೆ. ಹೊಸ ಮಾದರಿಯ ಯಂತ್ರವಿರಬೇಕು, ರೋಗಿಗಳಿಗೆ ಹೆದರಿಕೆಯಾಗದಿರಲೆಂದು ಹೀಗೆ ಮಾಡಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಯಂತ್ರ ನಿಂತಿತು, ಆ ಎಳೆ ಮಾತ್ರ ನಿಲ್ಲಲಿಲ್ಲ. ಎರಡೇ ಕ್ಷಣ. ಆಮೇಲೆ ಕೈಯಿಂದ ಬಾಯಿ ಮುಚ್ಚಿದ ಹಾಗೆ ಥಟ್ಟನೆ ಅದೂ ನಿಂತಿತು. ನಾನು ಎದ್ದು ಹೋಗಿ ಹಿಂದಿನ ಕೋಣೆಯ ಪರದೆ ಸರಿಸಿದೆ. ಇದು ಸಭ್ಯತೆಯಲ್ಲ ಎಂದು ಗೊತ್ತು, ಗೊತ್ತಿದ್ದೇ ಸರಿಸಿದೆ. ಒಳಗೆ ಬೆತ್ತದ ಕುರ್ಚಿಯ ಮೇಲೆ ಎಪ್ಪತ್ತು ದಾಟಿದ ಸಣ್ಣ ದೇಹದ ಅಜ್ಜಿ ಕೂತಿದ್ದರು. ಎಡ ತೊಡೆಯ ಮೇಲೆ ಆರು ಮೂಲೆಯ ಒಂದು ಪುಟ್ಟ ಮರದ ಡಬ್ಬಿ, ಅದರಿಂದ ಮೇಲೆದ್ದ ಉದ್ದ ಕೋಲು, ಕೋಲಿಗೆ ಎರಡು ತಂತಿ, ಕೈಯಲ್ಲಿ ಕಮಾನು. ಮಗನ ಯಂತ್ರ ಓಡುವಾಗ ಮಾತ್ರ ಅವರು ಅದನ್ನು ನುಡಿಸುತ್ತಿದ್ದರು. ಕುಮಟೆಯ ಕರೆಂಟನ್ನು ನಂಬಿದ್ದೇ ಅವರ ತಪ್ಪು.

ಇದೇನು ಎಂದು ಕೇಳಿದೆ. ನೇಪಾಳಿ ಸಾರಂಗಿ ಎಂದರು. ನನಗೆ ಕಲಿಸುತ್ತೀರಾ ಎಂದೆ. ಬೇಡ ಎಂದರು. ಕಥೆ ಅಲ್ಲಿಂದ ಶುರುವಾಯಿತು.

ಮುಂದಿನ ನಾಲ್ಕೈದು ತಿಂಗಳು ನಮ್ಮ ಅತ್ತೆಯ ಹಲ್ಲುಸೆಟ್ಟಿಗೆ ಬಂದ ತೊಂದರೆಗಳು ಕರ್ನಾಟಕದಲ್ಲಿ ಇನ್ಯಾರ ಹಲ್ಲಿಗೂ ಬಂದಿರಲಾರವು. ಒಂದು ಭಾನುವಾರ ಎಡಗಡೆ ಚುಚ್ಚುತ್ತಿತ್ತು, ಮುಂದಿನ ಭಾನುವಾರ ಬಲಗಡೆ. ಒಮ್ಮೆ ಚುಚ್ಚದೇ ಇದ್ದದ್ದೇ ಅನುಮಾನಕ್ಕೆ ಕಾರಣವಾಯಿತು. ನಾನು ನೆಪ ಹುಡುಕುತ್ತಿದ್ದೆನೆಂಬುದು ಸರಿ. ಆದರೆ ಅತ್ತೆಯೂ ಕಡಿಮೆಯವರಲ್ಲ. ಅವರಿಗೆ ರೈಲಿನ ಕಿಟಕಿ ಬೇಕಿತ್ತು, ಹೊಳೆಯ ದೋಣಿಗಳು, ದಾರಿಯ ಸುರಂಗ ಎಲ್ಲವನ್ನೂ ಪ್ರತಿಸಲ ಹೊಸದಾಗಿ ನೋಡುತ್ತಿದ್ದರು. ಕುಮಟೆಯ ಒಂದು ಹೋಟೆಲಿನ ಬನ್ಸು ಬೇಕಿತ್ತು. ಹೂ ಡಾಕ್ಟರು ಪ್ರತಿವಾರವೂ ಸೌಜನ್ಯದಿಂದ ಸ್ವಲ್ಪ ಸ್ವಲ್ಪ ಅರ ಹಾಕಿ ಕಳಿಸುತ್ತಿದ್ದರು. ಅವರು ಅರ ಹಾಕುವಷ್ಟು ಹೊತ್ತು ನಾನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ಅಜ್ಜಿ ಕಲ್ಕತ್ತೆಯ ಹಿಂದಿಯಲ್ಲಿ, ನಡುನಡುವೆ ಕುಮಟೆಯ ಕೊಂಕಣಿ ಸೇರಿಸಿ, ಹೋಗು ಎನ್ನುತ್ತಿದ್ದರು. ಅವರ ಹಿಂದಿಯಲ್ಲಿ ಗಂಡೆಲ್ಲ ಹೆಣ್ಣು, ಹೆಣ್ಣೆಲ್ಲ ಗಂಡು. ತಿದ್ದಬೇಕೆಂದು ನಾಲಿಗೆ ತುರಿಸುತ್ತಿತ್ತು, ತಡೆದುಕೊಂಡೆ.

ಕೊನೆಗೆ ಅವರನ್ನು ಬಗ್ಗಿಸಿದ್ದು ನನ್ನ ವಿನಯವಲ್ಲ, ನನ್ನ ತಪ್ಪು. ಕದ್ದು ಕೇಳಿ ಕೇಳಿ ಅವರ ಒಂದು ಧಾಟಿ ನನಗೆ ಬಾಯಿಗೆ ಬಂದಿತ್ತು. ಒಂದು ದಿನ ಬಾಗಿಲಲ್ಲಿ ನಿಂತು ಅದನ್ನು ಸರಿಗಮದಲ್ಲಿ ಗುನುಗಿದೆ. ಚಿಕ್ಕಂದಿನಲ್ಲಿ ಪೇಟಿ, ಎಂದರೆ ಹಾರ್ಮೋನಿಯಂ, ಸ್ವಲ್ಪ ಕಲಿತವಳಾದ್ದರಿಂದ ಅದು ಭೂಪ ರಾಗ ಎಂದು ಗೊತ್ತು ಮಾಡಿಕೊಂಡಿದ್ದೆ. ಸ ರಿ ಗ ಪ ದ, ಐದೇ ಸ್ವರ. ಕೊನೆಯಲ್ಲಿ ಠೀವಿಯಿಂದ ಷಡ್ಜಕ್ಕೆ ಬಂದು ಕೂತೆ. ಅಜ್ಜಿಯ ಮುಖ ಕಹಿ ಮದ್ದು ಕುಡಿದವರಂತಾಯಿತು. ಅಲ್ಲಲ್ಲ, ಅಲ್ಲಿ ಅಲ್ಲ ಎಂದು ವಾದ್ಯ ಎತ್ತಿಕೊಂಡು, ಆ ಧಾಟಿಯನ್ನು ನುಡಿಸಿ, ಪಂಚಮದಲ್ಲಿ ನಿಲ್ಲಿಸಿ, ಇಲ್ಲಿ ಎಂದರು. ಯಂತ್ರ ಓಡುತ್ತಿರಲಿಲ್ಲ ಎಂಬುದು ಅವರಿಗೆ ನೆನಪೇ ಇರಲಿಲ್ಲ. ಮುಂದಿನ ವಾರ ನನಗೊಂದು ಮಣೆ ಹಾಕಿದರು. ಒಬ್ಬರು ತಪ್ಪು ಮಾಡುವುದನ್ನು ನೋಡಿಕೊಂಡು ಸುಮ್ಮನಿರಲಾರದವರೇ ಮೇಷ್ಟರಾಗುವುದು, ಇದನ್ನು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ.

ಕಲಿಕೆ ಎಂದರೆ ಏನು ಕಷ್ಟವೆಂದು ಆಗ ಗೊತ್ತಾಯಿತು. ಈ ವಾದ್ಯದ ಕಮಾನನ್ನು ನಮ್ಮ ಪಿಟೀಲಿನದರಂತೆ ಎತ್ತಿ ಬದಿಗಿಡಲು ಬರುವುದಿಲ್ಲ. ಅದರ ಕುದುರೆಕೂದಲು ಎರಡು ತಂತಿಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ, ಅತ್ತೆ ಸೊಸೆಯರ ನಡುವೆ ನಮ್ಮ ಯಜಮಾನರು ಸಿಕ್ಕಿಕೊಂಡಿರುವ ಹಾಗೆ. ಆಚೆ ಒತ್ತಿದರೆ ಒಂದು ಮಾತಾಡುತ್ತದೆ, ಈಚೆ ಒತ್ತಿದರೆ ಇನ್ನೊಂದು. ಬೆರಳಿಗೆ ಆಸರೆಯಾಗಿ ಕೆಳಗೆ ಹಲಗೆಯೂ ಇಲ್ಲ, ಗಾಳಿಯಲ್ಲೇ ತಂತಿಯನ್ನು ಒತ್ತಿ ಸ್ವರ ಹುಡುಕಬೇಕು. ಅಜ್ಜಿಯ ಹತ್ತಿರ ಒಂದು ಹಳೆಯ ನೋಟುಪುಸ್ತಕ ಇತ್ತು, ಪುಟದ ತುಂಬ ಬರೀ ಅಂಕಿ. ಯಾವುದೋ ರೋಗಿಗಳ ಹಲ್ಲಿನ ನಂಬರು ಎಂದುಕೊಂಡಿದ್ದೆ. ಅದು ಸಂಗೀತ. ಒಂದು ಎಂದರೆ ನಮ್ಮ ಸ, ಎರಡು ಎಂದರೆ ರಿ, ಹೀಗೆ ಏಳರವರೆಗೆ. ಮೇಲೆ ಚುಕ್ಕಿ ಇದ್ದರೆ ಮೇಲಿನ ಸಪ್ತಕ, ಕೆಳಗೆ ಚುಕ್ಕಿ ಇದ್ದರೆ ಕೆಳಗಿನದು. ಸೊನ್ನೆ ಬಂದರೆ ಸುಮ್ಮನಿರಬೇಕು. ಎಲ್ಲಕ್ಕಿಂತ ನನಗೆ ಕಷ್ಟವಾದದ್ದು ಆ ಸೊನ್ನೆ. ಅಜ್ಜಿ ಪುಸ್ತಕದ ಮೇಲೆ ಬೆರಳು ಕುಟ್ಟಿ, ಇಲ್ಲಿ ಸೊನ್ನೆ ಇದೆ, ನೀನು ಇಲ್ಲೂ ಮಾತಾಡುತ್ತೀಯ ಎನ್ನುತ್ತಿದ್ದರು.

ಆರು ತಿಂಗಳಾದ ಮೇಲೆ, ಒಂದು ಭಾನುವಾರ, ಅಜ್ಜಿ ಕೋಲಿನ ಹಿಂಬದಿಯಲ್ಲಿ ಕೊರೆದಿದ್ದ ಎರಡು ಅಕ್ಷರ ತೋರಿಸಿದರು. ಮೊದಲನೆಯದು ಎರ್, ಎಂದರೆ ಎರಡು. ಎರಡನೆಯದು ಹು. ನಮ್ಮ ಮನೆತನದ ಹೆಸರಿಗೂ ಇದೇ ಅಕ್ಷರ ಎಂದರು. ಹಾಗಾದರೆ ಈ ವಾದ್ಯ ನಿಮ್ಮ ಸಂಬಂಧಿ ಎಂದೆ. ಅವರು ನಗಲಿಲ್ಲ. ಹು ಎಂದರೆ ಹೊರಗಿನವರು, ಬಹಳ ಹಿಂದೆ ಉತ್ತರದ ಕಡೆಯಿಂದ ಕುದುರೆ ಮೇಲೆ ಬಂದವರು ಇದನ್ನು ತಂದರಂತೆ, ಚೀನಾದಲ್ಲಿಯೂ ಇದು ಮೊದಲು ಪರದೇಶಿ ಎಂದರು. ಚೀನಾ ಎಂಬ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆ ದಿನ ಅವರು ನಿಧಾನಕ್ಕೆ ಎಲ್ಲ ಹೇಳಿದರು. ಏಳು ವರ್ಷದ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಹಡಗಿನಲ್ಲಿ ಕಲ್ಕತ್ತೆಗೆ ಬಂದದ್ದು, ಅಪ್ಪ ತಮ್ಮಂದಿರಿಗೆ ಮಾತ್ರ ಎರ್‌ಹು ಕಲಿಸಿದ್ದು, ತಾನು ಗೋಡೆಯಾಚೆಯಿಂದ ಕದ್ದು ಕಲಿತದ್ದು. ಆಮೇಲೆ ಅರವತ್ತೆರಡರ ಯುದ್ಧ. ಅಸ್ಸಾಮಿನಲ್ಲಿದ್ದ ಅಕ್ಕನ ಮನೆಯವರನ್ನೆಲ್ಲ ರೈಲು ಹತ್ತಿಸಿ ರಾಜಸ್ಥಾನದ ಒಂದು ಶಿಬಿರಕ್ಕೆ ಒಯ್ದರು, ಇವರು ಕಲ್ಕತ್ತೆಯಲ್ಲಿ ಪೊಲೀಸ್ ಠಾಣೆಗೆ ಹೋಗಿ ಹೋಗಿ ಸಹಿ ಹಾಕಬೇಕಾಯಿತು. ನೆರೆಯವರು ಮಾತು ಬಿಟ್ಟರು. ಗಂಡನದೂ ಹಲ್ಲು ಕಟ್ಟುವ ಕೆಲಸವೇ, ಕೊನೆಗೆ ಗಂಡ ಹೆಂಡತಿ ಮಗನನ್ನು ಕಟ್ಟಿಕೊಂಡು, ಹಲ್ಲಿನ ಡಾಕ್ಟರಿಲ್ಲದ ಊರು ಹುಡುಕುತ್ತ ಹುಡುಕುತ್ತ ಈ ಸಮುದ್ರದ ಬದಿಗೆ ಬಂದರು. ಬಂದ ದಿನವೇ ಯಾರೋ ಎಲ್ಲಿಯವರು ಎಂದು ಕೇಳಿದಾಗ ಗಂಡ ನೇಪಾಳ ಎಂದುಬಿಟ್ಟರು. "ಅವತ್ತಿಂದ ನಾನು ನೇಪಾಳಿ. ನೇಪಾಳ ಹೇಗಿದೆ ಅಂತ ನಂಗೆ ಗೊತ್ತಿಲ್ಲ," ಎಂದು ಅಜ್ಜಿ ವಾದ್ಯ ಒರೆಸಿದರು. ಈಗ ಯಾರೂ ಏನೂ ಮಾಡುವುದಿಲ್ಲವಲ್ಲ ಎಂದೆ. ಅದು ತನಗೂ ಗೊತ್ತು, ಆದರೆ ಬಾಯಿಗೆ ಗೊತ್ತಿಲ್ಲ ಎಂದರು. ಈ ವಿಷಯ ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡು, ತೀರಿಹೋದ ಗಂಡನ ಎರ್‌ಹುವನ್ನು ಅಭ್ಯಾಸಕ್ಕೆಂದು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಅದನ್ನು ಮನೆಗೆ ತಂದೆ. ಅತ್ತೆ ಬಟ್ಟೆ ಬಿಚ್ಚಿ ನೋಡಿದರು. ಡಬ್ಬಿಯ ಮುಂಬದಿಗೆ ಬಿಗಿದ ಚರ್ಮದ ಮೇಲೆ ಹುರುಪೆ ಹುರುಪೆಯಾಗಿ ಕಂದು ಕಪ್ಪು ಚಿತ್ತಾರ. ಮುಟ್ಟಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ನಾನು ಸಮಾಧಾನ ಮಾಡಲು ಹೋಗಿ, ನಾಗರದಲ್ಲ ಅತ್ತೆ, ಹೆಬ್ಬಾವಿನದು ಎಂದೆ.

"ಹೆಬ್ಬಾವಾದ್ರೆ ಎಂತಾತು? ಹಾವಲ್ದಾ? ನಾಗನಿಗೆ ಹಾಲು ಹಾಕೂ ಮನೆಲಿ ಹಾವಿನ ಚರ್ಮ ಸುಲಿದದ್ದು ಇಟ್ಕಂಡು ಬಾರ್ಸುಕೆ ಕೂತ್ಕಂತೆಯಾ ನೀನು?"

ಮದ್ದಳೆಗೆ ಎಂತದರ ಚರ್ಮ ಹಾಕುತ್ತಾರೆ, ಚಂಡೆಗೆ ಎಂತದು, ಅದನ್ನು ದೇವಸ್ಥಾನದಲ್ಲೇ ಬಾರಿಸುವುದಿಲ್ಲವೇ ಎಂದು ವಾದ ಹೂಡಿದೆ. ನನ್ನ ವಾದ ಚೆನ್ನಾಗಿತ್ತು. ಚೆನ್ನಾಗಿದ್ದ ವಾದದಿಂದ ಅತ್ತೆಯನ್ನು ಗೆದ್ದ ಸೊಸೆ ಇನ್ನೂ ಹುಟ್ಟಬೇಕಷ್ಟೆ. ಎರ್‌ಹು ಮನೆಯೊಳಗೆ ಬರಕೂಡದು ಎಂದು ತೀರ್ಮಾನವಾಯಿತು. ನಮ್ಮವರು ಪೇಪರಿನ ಹಿಂದಿನಿಂದ, ಮಳೆಗಾಲ ಬರಲಿ, ಕಪ್ಪೆಗಳ ಜೊತೆ ಅಂಗಳದಲ್ಲಿ ಬಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಲಹೆ ಕೊಟ್ಟರು. ನಾನು ಸೌದೆ ಕೊಟ್ಟಿಗೆಯಲ್ಲಿ ತೆಂಗಿನ ಸಿಪ್ಪೆಯ ರಾಶಿಯ ಪಕ್ಕ ಸ್ಟೂಲು ಹಾಕಿಕೊಂಡೆ. ದಿನಾ ಶಾಲೆಯಿಂದ ಬಂದು ಒಂದು ಗಂಟೆ. ಮೊದಲ ವಾರ ಪಕ್ಕದ ಮನೆಯ ಹೆಂಗಸು ನಿಮ್ಮ ಕೊಟ್ಟಿಗೆಯಲ್ಲಿ ಬೆಕ್ಕು ಹೆರುವುದಕ್ಕೆ ಕಷ್ಟಪಡುತ್ತಿದೆ ಎಂದು ಕಾಳಜಿಯಿಂದ ಬಂದು ಹೇಳಿದರು. ಒಂದು ತಂತಿ ತುಂಡಾಯಿತು. ಅಜ್ಜಿಯ ಹತ್ತಿರ ಬೇರೆ ಇರಲಿಲ್ಲ. ಭಟ್ಕಳದ ಪೇಟೆಯಲ್ಲಿ ಹೊರದೇಶದ ಸಾಮಾನಿನ ಅಂಗಡಿಯ ಸಾಹೇಬರಿಗೆ ಚೀಟಿಯಲ್ಲಿ ಬರೆದುಕೊಟ್ಟೆ. ಅವರ ಅಂಗಡಿಯಲ್ಲಿ ಚೀನಾದ ಟಾರ್ಚು, ಚೀನಾದ ಕೊಡೆ, ಚೀನಾದ ಫ್ಲಾಸ್ಕು ತುಂಬಿತ್ತು, ಅದನ್ನೆಲ್ಲ ನಮ್ಮ ಇಡೀ ತಾಲೂಕು ಸಂತೋಷದಿಂದ ಕೊಂಡೊಯ್ಯುತ್ತಿತ್ತು. ದುಬೈಯಲ್ಲಿದ್ದ ತಮ್ಮನಿಗೆ ಹೇಳಿ ಎರಡು ತಿಂಗಳಲ್ಲಿ ತಂತಿ ತರಿಸಿದರು. ಯಾಕೆ, ಏನು, ಈ ವಯಸ್ಸಿನಲ್ಲಿ ಎಂದು ಕೇಳದ ಒಬ್ಬರೇ ಮನುಷ್ಯರು ಇವರು.

ಅತ್ತೆ ಮಂಕಿಯಲ್ಲಿ ತಮಗೆ ಪರಿಚಯದ ಭಟ್ಟರೊಬ್ಬರಲ್ಲಿ ಕೇಳಿಸಿದರು. ಅವರು ಯೋಚಿಸಿ, ದೇವರ ಕೋಣೆಗೆ ತರದಿದ್ದರೆ ದೋಷವೇನೂ ಇಲ್ಲ ಎಂದರು. ಅತ್ತೆಗೆ ಇದು ಬಹಳ ನಿರಾಸೆಯಾಯಿತು. ಮರುದಿನ ಅಡುಗೆಮನೆಯಲ್ಲಿ ಹೊಸ ದಾರಿ ಹಿಡಿದರು. ನೇಪಾಳದವರದ್ದಂತೆ, ಯಾರು ಕಂಡಿದ್ದಾರೆ, ಆ ಮುಖ ನೋಡಿದರೆ ಚೀನಾದವರ ಹಾಗೇ ಕಾಣುತ್ತದೆ, ಅಂಥವರ ಸಾಮಾನು ನಮ್ಮ ಜಾಗದಲ್ಲಿ ಎಂತಕ್ಕೆ ಎಂದು ಹೇಳುತ್ತಲೇ ಹೋದರು. ನಾನು ಸಿಟ್ಟಿನಲ್ಲಿದ್ದೆ. ಕೊಟ್ಟ ಮಾತು ನೆನಪಾಗುವುದಕ್ಕೆ ಮೊದಲು ಬಾಯಿ ತೆರೆದಿತ್ತು. "ಹೌದು, ಚೀನಾದವರೇ. ನಿಮ್ಮ ಬಾಯಲ್ಲಿರುವ ಹಲ್ಲು ಕಟ್ಟಿದ್ದೂ ಅವರೇ. ಮೊದಲು ಅದನ್ನು ತೆಗೆದು ಹೊರಗಿಡಿ."

ಅತ್ತೆ ನನ್ನನ್ನು ನೋಡಿದರು. ಎರಡು ಬೆರಳು ಬಾಯಿಗೆ ಹಾಕಿ, ಮೇಲಿನದು ಕೆಳಗಿನದು ಎರಡೂ ಸೆಟ್ಟನ್ನು ತೆಗೆದು, ತೊಳೆದು, ಸ್ಟೀಲಿನ ಲೋಟದಲ್ಲಿ ಹಾಕಿ ನನ್ನ ಮುಂದಿಟ್ಟು ಹೋದರು. ಹಠದಲ್ಲಿ ನಾನು ದೊಡ್ಡವಳೆಂದು ತಿಳಿದಿದ್ದೆ, ಆ ದಿನ ನಾನು ಇನ್ನೂ ಒಂದನೇ ಇಯತ್ತೆಯಲ್ಲಿದ್ದೇನೆ ಎಂದು ಗೊತ್ತಾಯಿತು. ಮೂರು ದಿನ ಅವರು ಬರೀ ಗಂಜಿ ಕುಡಿದರು. ನಮ್ಮವರು ಎರಡು ತಂತಿಗಳ ನಡುವೆ ಯಾವ ಕಡೆಗೂ ಒತ್ತದೆ ಬ್ಯಾಂಕಿಗೆ ಹೋಗಿ ಬಂದರು. ನನಗೆ ಅತ್ತೆಯ ಹಸಿವಿಗಿಂತ ಹೆಚ್ಚು ಹೆದರಿಕೆಯಾದದ್ದು ಬೇರೆ. ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬರು ಬಚ್ಚಿಟ್ಟುಕೊಂಡದ್ದನ್ನು ನಾನು ಒಂದು ಜಗಳ ಗೆಲ್ಲುವುದಕ್ಕೆ ಖರ್ಚು ಮಾಡಿದ್ದೆ. ಅತ್ತೆಯ ಬಾಯಿಂದ ಅದು ಮಂಕಿಗೆ ಹೋದರೆ ಅಲ್ಲಿಂದ ಕುಮಟೆಗೆ ಎಷ್ಟು ಹೊತ್ತು? ಮೂರನೇ ದಿನ ಅವರ ಎದುರು ಕೂತು ಎಲ್ಲ ಹೇಳಿದೆ. ಶಿಬಿರ, ಠಾಣೆ, ಸಹಿ, ಯಂತ್ರದ ಸದ್ದಿನ ಕೆಳಗೆ ಅಡಗಿಕೊಂಡು ನುಡಿಸುವುದು, ಎಲ್ಲವನ್ನೂ. ಅತ್ತೆ ಎಡಗೈಯ ಮಣಿಕಟ್ಟನ್ನು ತಿಕ್ಕಿಕೊಳ್ಳುತ್ತ ಹೇಳಿದರು.

"ಆ ಯುದ್ಧದ ಫಂಡಿಗೆ ನಾನೂ ಒಂದು ಚಿನ್ನದ ಬಳೆ ಬಿಚ್ಚಿ ಕೊಟ್ಟಿದ್ದೆ. ಮದುವೆದು. ನಾನು ಕೊಟ್ಟದ್ದು ಅವಳ ಮೇಲೆ ಹೋಗುಕೆ ಅಲ್ಲ."

ಎದ್ದು ಹೋಗಿ ಲೋಟದಿಂದ ಹಲ್ಲು ತೆಗೆದು ಹಾಕಿಕೊಂಡರು. ಆ ದಿನ ಮನೆಯಲ್ಲಿ ಬಂಗಡೆ ಮೀನು ಹುರಿದಿತ್ತು ಎಂಬುದನ್ನೂ ನಾನು ಪ್ರಾಮಾಣಿಕವಾಗಿ ಹೇಳಬೇಕು. ಊಟವಾದ ಮೇಲೆ, ಆ ಸೌದೆ ರಾಶಿಯಲ್ಲಿ ಗೆದ್ದಲು ಹಿಡಿದರೆ ಆ ಹೆಂಗಸಿಗೆ ಎಂತ ಜವಾಬು ಕೊಡುತ್ತೀಯ, ಜಗಲಿಗೆ ತಂದಿಡು ಎಂದರು. ವಿಷಯ ಮಂಕಿಗೆ ಹೋಗಲಿಲ್ಲ. ನಾನು ಮಾತ್ರ ಮುಂದಿನ ಭಾನುವಾರ ಅಜ್ಜಿಯ ಎದುರು ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ನಿನ್ನ ಅತ್ತೆ ಕೇಳಿ ಏನೆಂದಳು ಎಂದಷ್ಟೇ ಕೇಳಿದರು. ಬಳೆಯ ಮಾತು ಹೇಳಿದೆ. ಆ ದಿನ ಪಾಠ ನಡೆಯಲಿಲ್ಲ.

ಇಷ್ಟಾಗುವಾಗ ಒಂದೂವರೆ ವರ್ಷ ಕಳೆದಿತ್ತು. ಕುಮಟೆಯಲ್ಲಿ ಒಂದು ಸಂಗೀತ ಮಂಡಳಿ ಇತ್ತು, ಅದರ ಕಾರ್ಯದರ್ಶಿ ನನಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ್ದ ಪೇಟಿ ಮಾಸ್ತರರು. ಹೇಗೋ ಸುದ್ದಿ ತಿಳಿದು, ಮಂಡಳಿಯ ಬೈಠಕ್ಕಿನಲ್ಲಿ ದೊಡ್ಡ ಗಾಯಕರು ಬರುವುದಕ್ಕೆ ಮೊದಲು ಹತ್ತು ನಿಮಿಷ ನುಡಿಸು ಎಂದರು. ಮೊದಲು ಕೇಳಬೇಕು ಎಂದು ನನ್ನನ್ನು ಕೂರಿಸಿ ಕೇಳಿದರು. ಭೂಪ, ಚೆನ್ನಾಗಿದೆ, ಆದರೆ ಕೊನೆಗೆ ಷಡ್ಜಕ್ಕೆ ಬಾ ಎಂದರು. ಇದು ಪಂಚಮದಲ್ಲೇ ನಿಲ್ಲುವುದು ಎಂದೆ. ಹೊನ್ನಾವರಕ್ಕೆ ಟಿಕೆಟು ತೆಗೆದವಳು ಹೊಳೆ ದಾಟದೆ ಕಾಸರಕೋಡಿನಲ್ಲೇ ಇಳಿದ ಹಾಗಾಯಿತು ಎಂದು ನಕ್ಕರು. ಅದರ ಮನೆ ಇರುವುದೇ ಅಲ್ಲಿ ಮಾಸ್ತರ್ರೇ, ಐದೇ ಸ್ವರ, ಆದರೆ ಅಜ್ಜಿಯ ಕಡೆಯವರು ಯಾವ ಸ್ವರದಲ್ಲಾದರೂ ಮನೆ ಕಟ್ಟುತ್ತಾರೆ ಎಂದು ಅಜ್ಜಿ ಹೇಳಿಕೊಟ್ಟದ್ದನ್ನೆಲ್ಲ ಹೇಳಿದೆ. ಅವರು ತಲೆ ಆಡಿಸಿದರು. ಕರಪತ್ರ ಅಚ್ಚಾಗಿ ಬಂದಾಗ ನೋಡುತ್ತೇನೆ, ನೇಪಾಳಿ ಸಾರಂಗಿಯಲ್ಲಿ ರಾಗ ಭೂಪ ಎಂದಿತ್ತು. ಹೂ ಡಾಕ್ಟರೇ ಹಾಗೆ ಬರೆಸಿದ್ದು. ಅವರು ನನ್ನನ್ನು ಬದಿಗೆ ಕರೆದು, ಅಕ್ಕೋರೇ, ಹೇಗೋ ನಡೆದುಕೊಂಡು ಬಂದಿದೆ, ಅಮ್ಮನ ವಯಸ್ಸು ನೋಡಿ, ಬಿಟ್ಟುಬಿಡಿ ಎಂದರು. ಅಜ್ಜಿಯೂ ನೇಪಾಳಿ ಎಂದೇ ಇರಲಿ ಎಂದರು. ಹಾಗಾದರೆ ನಾನು ನುಡಿಸುವುದಿಲ್ಲ ಎಂದೆ. ನುಡಿಸಬೇಡ ಎಂದರು ಅಜ್ಜಿ. ಬೇಡ ಎಂದರಲ್ಲ, ಆದ್ದರಿಂದ ನುಡಿಸಲು ಹೋದೆ.

ಒಂದು ಭಾನುವಾರ ಸಂಜೆ ನಾಲ್ಕು ಗಂಟೆಗೆ ಬೈಠಕ್. ನೂರು ಜನ ಇದ್ದಿರಬಹುದು. ಅತ್ತೆ ಮುಂದಿನ ಸಾಲಿನಲ್ಲಿ, ಅವರ ಪಕ್ಕದಲ್ಲಿ ಹೂವಜ್ಜಿ. ಪೇಟಿ ಮಾಸ್ತರರು ಕರಪತ್ರದಲ್ಲಿದ್ದದ್ದನ್ನೇ ಮೈಕಿನಲ್ಲಿ ಓದಿ, ತಾವೇ ಜೊತೆಗೆ ಪೇಟಿ ಹಿಡಿದು ಕೂತರು. ನಾನು ಮೈಕನ್ನು ನನ್ನ ಕಡೆ ತಿರುಗಿಸಿಕೊಂಡೆ. "ಇದು ಸಾರಂಗಿ ಅಲ್ಲ, ನಾನು ನುಡಿಸುವುದು ಭೂಪವೂ ಅಲ್ಲ. ಇದು ಎಲ್ಲಿಯದೆಂದು ಹೇಳುವ ಹಕ್ಕು ನನಗಿಲ್ಲ. ಸುಳ್ಳು ಹೆಸರಿನಲ್ಲಿ ನುಡಿಸುವುದಿಲ್ಲ ಎಂದು ಹೇಳುವ ಹಕ್ಕು ಇದೆ," ಎಂದು ಹೇಳಿ ಕಮಾನು ಎಳೆದೆ. ಅಜ್ಜಿಯ ಅಪ್ಪ ನುಡಿಸುತ್ತಿದ್ದ, ಹೆಸರೇ ಇಲ್ಲದ ಒಂದು ಧಾಟಿ. ಮೊದಲ ಸಾಲು ಹೇಗೋ ದಾಟಿದೆ. ಎರಡನೆಯದರಲ್ಲಿ ಬೆವರಿಗೆ ಬೆರಳು ಜಾರಿತು, ಸೊನ್ನೆ ಇದ್ದಲ್ಲೆಲ್ಲ ನಾನು ಮಾತಾಡಿದೆ. ಕೊನೆಗೆ ಪಂಚಮಕ್ಕೆ ಬಂದು ನಿಂತೆ. ಮಾಸ್ತರರು ತಡೆಯಲಾರದೆ ಪೇಟಿಯಲ್ಲಿ ಷಡ್ಜ ಒತ್ತಿ ಹಿಡಿದರು, ಶಿಷ್ಯೆಯನ್ನು ಕೈಹಿಡಿದು ಮನೆಗೆ ಕರೆತರುವಂತೆ. ನಾನು ಬಿಡಲಿಲ್ಲ. ಪಂಚಮವನ್ನೇ ಎಳೆದೆ. ಅವರೂ ಪೇಟಿಯ ತಿದಿ ಒತ್ತಿದರು. ನನ್ನ ಪಂಚಮಕ್ಕೂ ಅವರ ಷಡ್ಜಕ್ಕೂ ಜಗಳ ನಡೆದಿರುವಾಗ ನನ್ನ ಕಮಾನು ಜಾರಿ, ತಂತಿ ಕಿರ್ ಎಂದು ಕೂಗಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಅಜ್ಜಿ ಎದ್ದು ನಿಂತರು. ಮಗ ಕೈ ಹಿಡಿಯಲು ಬಂದರೆ ಅದನ್ನು ಬಿಡಿಸಿಕೊಂಡು ವೇದಿಕೆ ಹತ್ತಿದರು. ಮಾಸ್ತರರ ಹತ್ತಿರ ಹೋಗಿ ಪೇಟಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟರು. ಅದು ನಿಂತಿತು. ನನ್ನ ಕೈಯಿಂದ ವಾದ್ಯ ತೆಗೆದುಕೊಂಡು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಕೂತು, ಕಿವಿ ಹಚ್ಚಿ ತಂತಿ ಬಿಗಿ ಮಾಡಿಕೊಂಡು ನುಡಿಸಿದರು. ಅದೇ ಧಾಟಿ. ಆದರೆ ನಾನು ಒಂದೂವರೆ ವರ್ಷ ನುಡಿಸಿದ್ದು ಅದರ ಅಂಕಿಗಳನ್ನು ಮಾತ್ರ ಎಂದು ಆಗ ತಿಳಿಯಿತು. ಒಂದೊಂದು ಸ್ವರವೂ ಹುಟ್ಟಿದ ಮೇಲೆ ಅಲೆಯ ಮೇಲಿನ ದೋಣಿಯ ಹಾಗೆ ತುಸು ತೂಗುತ್ತಿತ್ತು. ಸೊನ್ನೆ ಬಂದಲ್ಲಿ ನೂರು ಜನರೂ ಉಸಿರು ಹಿಡಿದರು. ಪಂಚಮದಲ್ಲಿ ನಿಂತಾಗ, ಅದು ಬೇರೆಲ್ಲಿಗೂ ಹೋಗಬೇಕಾಗಿರಲಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು, ಮಾಸ್ತರರಿಗೂ. ಅಜ್ಜಿ ಮೈಕಿನ ಹತ್ತಿರ ಬಾಗಿ ತಮ್ಮ ಹರಕು ಕನ್ನಡದಲ್ಲಿ ಹೇಳಿದರು.

"ಇದು ಎರ್‌ಹು. ಚೀನಾದ್ದು. ನಾನು ಚೀನಾದವಳು. ನೇಪಾಳ ಅಲ್ಲ, ಸುಳ್ಳು ಹೇಳಿದ್ದೆ."

ಹೂ ಡಾಕ್ಟರು ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದರು. ಆ ಸಭೆಯಲ್ಲಿ ಅರ್ಧದಷ್ಟು ಜನರ ಬಾಯಲ್ಲಿ ಅವರ ಕೈಕೆಲಸ ಇತ್ತು. ಮುಂದಿನ ಸಾಲಿನಿಂದ ನಮ್ಮ ಅತ್ತೆಯ ದನಿ ಕೇಳಿತು. ಮೈಕು ಬೇಕಾಗಲಿಲ್ಲ.

"ಶಾಂತಾ, ಇನ್ನೊಂದು ಸಲ ಬಾರ್ಸುಕೆ ಹೇಳು ಅವ್ರಿಗೆ. ನೀನು ಬದಿಗೆ ನಿಲ್ಲು, ಮುಖ ಕಾಣೂದಿಲ್ಲ."

ಅಜ್ಜಿ ಇನ್ನೊಂದು ಸಲವಲ್ಲ, ಮುಕ್ಕಾಲು ಗಂಟೆ ನುಡಿಸಿದರು. ದೊಡ್ಡ ಗಾಯಕರು ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳಿದರು. ಪೇಟಿ ಮಾಸ್ತರರು ಮಂಡಳಿಯ ದಾಖಲೆ ಪುಸ್ತಕದಲ್ಲಿ ರಾಗ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟರು, ಅವರ ಜೀವನದಲ್ಲಿ ಅದೊಂದೇ ಖಾಲಿ ಜಾಗವಂತೆ. ಹಲ್ಲಿನ ರೋಗಿಗಳು ಒಬ್ಬರೂ ಕಡಿಮೆಯಾಗಲಿಲ್ಲ. ಅತ್ತೆ ಮತ್ತು ಹೂವಜ್ಜಿ ಈಗ ಎಷ್ಟು ಗೆಳತಿಯರೆಂದರೆ, ನಾನು ಭಾನುವಾರ ಪಾಠಕ್ಕೆ ಹೋದರೆ ಇಬ್ಬರೂ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತು, ಒಬ್ಬರು ಕನ್ನಡದಲ್ಲಿ ಒಬ್ಬರು ಹಿಂದಿಯಲ್ಲಿ ನನ್ನ ತಪ್ಪುಗಳನ್ನು ಮಾತಾಡಿಕೊಳ್ಳುತ್ತಾರೆ. ಲಿಂಗ ವಚನ ಯಾವುದೂ ಸರಿಯಿಲ್ಲದ ಆ ಭಾಷೆ ಅವರಿಬ್ಬರಿಗೂ ಪೂರ್ತಿ ಅರ್ಥವಾಗುತ್ತದೆ.

ನನ್ನ ತಕರಾರು ಒಂದೇ. ಆ ವಾರ ಸ್ಥಳೀಯ ಪತ್ರಿಕೆಯಲ್ಲಿ ಬೈಠಕ್ಕಿನ ದೊಡ್ಡ ವರದಿ ಬಂತು, ಅಜ್ಜಿಯ ಫೋಟೊ ಸಮೇತ. ಕೊನೆಯ ಸಾಲಿನಲ್ಲಿ, ಆರಂಭದಲ್ಲಿ ಹೊನ್ನಾವರದ ಶಿಕ್ಷಕಿಯೊಬ್ಬರು ವಾದ್ಯವನ್ನು ಶ್ರುತಿ ಮಾಡಿಕೊಟ್ಟರು ಎಂದಿತ್ತು. ನಾನು ಸಂಪಾದಕರಿಗೆ ಪತ್ರ ಬರೆದೆ. ನಾನು ನಾಲ್ಕು ನಿಮಿಷ ನುಡಿಸಿದ್ದೇನೆ, ಅದು ಸಂಗೀತ, ಶ್ರುತಿಯಲ್ಲ, ಮತ್ತು ಸತ್ಯಕ್ಕಾಗಿ ಹೇಳುವುದಾದರೆ ಶ್ರುತಿ ಮಾಡಿದ್ದೂ ನಾನಲ್ಲ ಎಂದು ವಿವರವಾಗಿ ತಿಳಿಸಿದೆ. ಅಚ್ಚಾಗಲಿಲ್ಲ. ಮತ್ತೆ ಬರೆದೆ. ಮೂರನೆಯ ಪತ್ರವನ್ನು ಅಂಚೆಗೆ ಹಾಕುವ ಮೊದಲು ಅಜ್ಜಿಗೆ ಓದಿ ಹಿಂದಿಯಲ್ಲಿ ಅರ್ಥ ಹೇಳಿದೆ. ಪೂರ್ತಿ ಕೇಳಿದ ಅವರು, ಪತ್ರಿಕೆಯವರು ಬರೆದದ್ದು ಸರಿಯಾಗಿಯೇ ಇದೆ, ತಾನು ಕೂಡ ಅದನ್ನು ಶ್ರುತಿ ಎಂದೇ ತಿಳಿದಿದ್ದೆ ಎಂದರು. ಪತ್ರ ಹಾಕಬೇಡ ಎಂದೂ ಹೇಳಿದರು. ಹಾಕಿ ಬಂದಿದ್ದೇನೆ.